ಲಾಭ ಜಾಸ್ತಿ, ಪಾಲು ಕಡಿಮೆ: ಷೇರಿನ ತಲಾ ಲೆಕ್ಕ ನೋಡುವುದು ಹೇಗೆ?

ಕಂಪನಿಯ ಲಾಭ ಶೇ 15ರಷ್ಟು ಏರಿತು ಅಂತ ಸುದ್ದಿ ಬರುತ್ತದೆ. ಅದೇ ವರ್ಷ ನಿಮ್ಮ ಒಂದೊಂದು ಷೇರಿನ ಪಾಲಿಗೆ ಬಂದ ಲಾಭ ಇಳಿದಿರಬಹುದು. ಎರಡೂ ನಿಜವೇ. ಸುದ್ದಿಯಲ್ಲಿ ಬರುವುದು ಒಟ್ಟು ಲೆಕ್ಕ, ನಮಗೆ ಬೇಕಿರುವುದು ತಲಾ ಲೆಕ್ಕ.

ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಇದು ಹೊಸ ವಿಷಯವೇನಲ್ಲ. ಅಣ್ಣತಮ್ಮಂದಿರು ನಾಲ್ವರ ಒಟ್ಟು ತೋಟ ಅಂದುಕೊಳ್ಳಿ. ವರ್ಷಕ್ಕೆ 120 ಮೂಟೆ ಕಾಫಿ, ತಲಾ 30 ಮೂಟೆ. ಕೈಯಲ್ಲಿ ಹಣ ಸಾಲದೆ ಐದನೆಯವರೊಬ್ಬರನ್ನು ಪಾಲಿಗೆ ಸೇರಿಸಿಕೊಂಡರು. ಆ ಹಣದಲ್ಲಿ ಬೋರ್ ಕೊರೆಸಿದರು, ಸ್ಪ್ರಿಂಕ್ಲರ್ ತಂದರು. ಮುಂದಿನ ವರ್ಷ 140 ಮೂಟೆ ಬಂತು. ಊರವರೆಲ್ಲ ಫಸಲು ಚೆನ್ನಾಗಾಯ್ತಂತೆ ಅಂದರು. ಆದರೆ ಪಾಲಿಗೆ ಸಿಕ್ಕಿದ್ದು 28 ಮೂಟೆ. ತೋಟದ ವಿಷಯದಲ್ಲಿ ಈ ಲೆಕ್ಕವನ್ನು ಬೆರಳ ತುದಿಯಲ್ಲಿ ಮಾಡುವವರು ಷೇರಿನ ವಿಷಯಕ್ಕೆ ಬಂದಾಗ ಮಾತ್ರ ಒಟ್ಟು ಮೂಟೆ ನೋಡಿ ಖುಷಿಪಡುತ್ತಾರೆ. ಕಾಫಿಗೆ ಒಳ್ಳೆ ರೇಟು ಸಿಕ್ಕ ಮೇಲೆ ನಮ್ಮ ಕಡೆ ಡಿಮ್ಯಾಟ್ ಖಾತೆ ತೆರೆದವರು ಸುಮಾರು ಜನ ಇದ್ದಾರೆ. ಅವರಿಗಾಗಿ ಈ ಲೆಕ್ಕವನ್ನು ಮೊದಲಿನಿಂದ ಮಾಡೋಣ. ಕೂಡುವುದು, ಭಾಗಿಸುವುದು ಗೊತ್ತಿದ್ದರೆ ಸಾಕು.

ಮೊದಲು ಷೇರು ಎಣಿಸಿ

ಎಲ್ಲರೂ ಲಾಭದಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಶುರು ಮಾಡಬೇಕಿರುವುದು ಷೇರುಗಳ ಸಂಖ್ಯೆಯಿಂದ. ಭಾಗಿಸುವ ಸಂಖ್ಯೆಯೇ ಸರಿಯಿಲ್ಲದಿದ್ದರೆ ಮುಂದಿನದೆಲ್ಲ ತಪ್ಪುತ್ತದೆ.

ಕಂಪನಿಯ ವೆಬ್‌ಸೈಟಿನಿಂದಲೋ ಬಿಎಸ್‌ಇ, ಎನ್‌ಎಸ್‌ಇ ಎಂಬ ಷೇರುಪೇಟೆಗಳ ತಾಣಗಳಿಂದಲೋ ವಾರ್ಷಿಕ ವರದಿ ಇಳಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಮುನ್ನೂರು ನಾನ್ನೂರು ಪುಟ ಇರುತ್ತದೆ, ಹೆದರಬೇಡಿ. ಮುಂದಿನ ಅರ್ಧದಲ್ಲಿ ಫೋಟೊ, ಅಧ್ಯಕ್ಷರ ಪತ್ರ ಇತ್ಯಾದಿ. ನಮಗೆ ಬೇಕಿರುವುದು ಹಿಂದಿನ ಅರ್ಧ. ಅಲ್ಲಿ ಒಂದೇ ಲೆಕ್ಕ ಎರಡು ಸಲ ಬರುತ್ತದೆ. ಒಂದು ಕಂಪನಿ ಒಂದರದ್ದು, ಅದು ಸ್ಟ್ಯಾಂಡ್‌ಅಲೋನ್. ಇನ್ನೊಂದು ಅಂಗಸಂಸ್ಥೆಗಳನ್ನೂ ಸೇರಿಸಿದ್ದು, ಅದು ಕನ್ಸಾಲಿಡೇಟೆಡ್. ಎರಡನೆಯದನ್ನು ಹಿಡಿಯಿರಿ. ಒಂದು ಆ್ಯಪ್‌ನಲ್ಲಿ ಒಂದು ಅಂಕಿ, ಇನ್ನೊಂದರಲ್ಲಿ ಬೇರೆ ಅಂಕಿ ಕಂಡು ತಲೆ ಕೆಟ್ಟರೆ, ಬಹುತೇಕ ಸಲ ಕಾರಣ ಇದೇ. ಹಾಗೆಯೇ ಪುಟದ ಮೇಲ್ತುದಿಯಲ್ಲಿ ಅಂಕಿಗಳು ಲಕ್ಷದಲ್ಲಿವೆಯೋ ಕೋಟಿಯಲ್ಲಿವೆಯೋ ಮಿಲಿಯನ್‌ನಲ್ಲಿವೆಯೋ ನೋಡಿಕೊಳ್ಳಿ. 10 ಮಿಲಿಯನ್ ಅಂದರೆ 1 ಕೋಟಿ.

ಆಸ್ತಿ-ಹೊಣೆ ಪಟ್ಟಿಯಲ್ಲಿ ಈಕ್ವಿಟಿ ಷೇರು ಬಂಡವಾಳ ಅಂತ ಒಂದು ಸಾಲು ಇರುತ್ತದೆ. ಅದನ್ನು ಮುಖಬೆಲೆಯಿಂದ, ಅಂದರೆ ಕಂಪನಿ ಒಂದು ಷೇರಿಗೆ ನಮೂದಿಸಿದ ಮೂಲ ಬೆಲೆಯಿಂದ (ಪೇಟೆಯ ಬೆಲೆಯಲ್ಲ), ಭಾಗಿಸಿದರೆ ಷೇರಿನ ಸಂಖ್ಯೆ ಸಿಗುತ್ತದೆ. ಟಯರ್ ಕಂಪನಿ ಎಂಆರ್‌ಎಫ್ ನೋಡಿ. ಷೇರು ಬಂಡವಾಳ 4.24 ಕೋಟಿ ರೂಪಾಯಿ, ಮುಖಬೆಲೆ 10 ರೂಪಾಯಿ. ಅಂದರೆ ಇಡೀ ಕಂಪನಿಗೆ ಇರುವುದು ಸುಮಾರು 42.4 ಲಕ್ಷ ಷೇರು ಮಾತ್ರ. 2023ರ ಜೂನ್‌ನಲ್ಲಿ ಅದರ ಬೆಲೆ 1 ಲಕ್ಷ ದಾಟಿದಾಗ ದೇಶವೆಲ್ಲ ಬೆರಗಾಯಿತು. ಆ ಬೆಲೆಯಲ್ಲಿ ಇಡೀ ಕಂಪನಿಯ ಬೆಲೆ ಸುಮಾರು 42,400 ಕೋಟಿ.

ಬೇಲೂರಿನ ಹುಡುಗನೊಬ್ಬ ಫೋನ್ ಮಾಡಿ, ‘ಅಣ್ಣಾ, 1 ಲಕ್ಷದ ಷೇರು ನಮ್ಮಂಥೋರಿಗಲ್ಲ ಬಿಡಿ. 40 ರೂಪಾಯಿದು ಒಂದಿದೆ, ಸಾವಿರ ಷೇರು ಬರುತ್ತೆ. ಸಸ್ತಾನೂ ಆಯ್ತು, ಮೇಲೆ ಹೋಗೋಕೆ ಜಾಗನೂ ಜಾಸ್ತಿ ಅಲ್ವಾ?’ ಅಂದ.

‘ಆ ಕಂಪನಿಗೆ ಒಟ್ಟು ಎಷ್ಟು ಷೇರು ಇದೆಯಪ್ಪಾ?’

‘ಅದನ್ಯಾಕೆ ನೋಡ್ಬೇಕು?’

ನೋಡಬೇಕು. 1,500 ಕೋಟಿ ಷೇರಿರುವ ಕಂಪನಿಯ ಒಂದು ಷೇರು 40 ರೂಪಾಯಿ ಆದರೆ, ಇಡೀ ಕಂಪನಿಯ ಬೆಲೆ 60,000 ಕೋಟಿ. 1 ಲಕ್ಷದ ಷೇರಿನ ಕಂಪನಿಗಿಂತ ಇದೇ ದುಬಾರಿ ಕಂಪನಿ ಆಯಿತು. ಒಂದು ಷೇರಿನ ಬೆಲೆ ಕಡಿಮೆ ಅಂದ ಮಾತ್ರಕ್ಕೆ ಷೇರು ಅಗ್ಗ ಅಂತ ಅಲ್ಲ, ಕಂಪನಿಯನ್ನು ಜಾಸ್ತಿ ಚೂರು ಮಾಡಿದ್ದಾರೆ ಅಂತ ಅಷ್ಟೇ.

ಷೇರು ಬಂಡವಾಳದ ಟಿಪ್ಪಣಿಗೆ ಹೋದರೆ ಇನ್ನೊಂದು ಪುಟ್ಟ ಕೋಷ್ಟಕ ಸಿಗುತ್ತದೆ. ವರ್ಷದ ಶುರುವಿನಲ್ಲಿ ಎಷ್ಟು ಷೇರಿತ್ತು, ಎಷ್ಟು ಸೇರಿತು, ಕೊನೆಗೆ ಎಷ್ಟಾಯಿತು ಅಂತ. ನನ್ನನ್ನು ಕೇಳಿದರೆ ಇಡೀ ವರದಿಯಲ್ಲಿ ಇದರಷ್ಟು ಮಾತಾಡುವ ಕೋಷ್ಟಕ ಇನ್ನೊಂದಿಲ್ಲ. ಐದು ವರ್ಷದ್ದು ಬರೆದುಕೊಳ್ಳಿ. ಸಂಖ್ಯೆ ಏರಿದ್ದರೆ ಯಾಕೆ ಏರಿತು ಅಂತ ಕೇಳಿ. ಕಂಪನಿ ಹಣ ಎತ್ತಲು ಷೇರು ಕೊಟ್ಟಿತೇ? ಪ್ರವರ್ತಕರಿಗೆ, ಅಂದರೆ ಕಂಪನಿ ಕಟ್ಟಿ ನಡೆಸುವವರಿಗೆ, ವಾರಂಟ್ (ಮುಂದೆ ಗೊತ್ತಾದ ಬೆಲೆಗೆ ಷೇರು ಪಡೆಯುವ ಹಕ್ಕು) ಕೊಟ್ಟಿತ್ತೇ? ನೌಕರರಿಗೆ ಷೇರು ಹಂಚಿತೇ? ಬೇರೆ ಕಂಪನಿಯನ್ನು ನುಂಗಿ ಅದರವರಿಗೆ ಷೇರು ಕೊಟ್ಟಿತೇ? ಇವೆಲ್ಲ ನಿಮ್ಮ ಪಾಲನ್ನು ತೆಳ್ಳಗೆ ಮಾಡುತ್ತವೆ. ಬೋನಸ್ (ಇರುವ ಷೇರಿಗೆ ಪುಕ್ಕಟೆ ಕೊಡುವ ಷೇರು), ವಿಭಜನೆ (ಒಂದು ಷೇರನ್ನು ಹಲವು ಮಾಡುವುದು) ಇವುಗಳಿಂದ ಏರಿದ್ದರೆ ಪಾಲು ಹಾಗೇ ಇರುತ್ತದೆ. ಕಂಪನಿ ತನ್ನ ಷೇರನ್ನು ತಾನೇ ಮರಳಿ ಕೊಂಡಿದ್ದರೆ ಸಂಖ್ಯೆ ಇಳಿದಿರುತ್ತದೆ. ಆಗ ಲಾಭ ಏರದಿದ್ದರೂ ತಲಾ ಗಳಿಕೆ ಏರಬಹುದು.

ಈಗ ತಲಾ ಗಳಿಕೆ, ಅಂದರೆ ಇಪಿಎಸ್

ಲಾಭ-ನಷ್ಟ ಪಟ್ಟಿಯ ತೀರಾ ಕೆಳಗೆ, ಕೊನೆಯ ಎರಡು ಸಾಲುಗಳಲ್ಲಿ ಇದು ಸಿದ್ಧವಾಗಿಯೇ ಇರುತ್ತದೆ. ಒಂದು ಬೇಸಿಕ್, ಇನ್ನೊಂದು ಡೈಲ್ಯೂಟೆಡ್. ಪಕ್ಕದಲ್ಲಿ ಮುಖಬೆಲೆ ಇಷ್ಟು ಅಂತಲೂ ಬರೆದಿರುತ್ತದೆ. ಸಿದ್ಧ ಇದ್ದರೂ ಒಂದು ಸಲ ಕೈಯಾರೆ ಮಾಡಿ ನೋಡಬೇಕು. ಲೆಕ್ಕಕ್ಕೆ ಅಂತ ಒಂದು ಕಂಪನಿ ಇಟ್ಟುಕೊಳ್ಳೋಣ, ಹೆಸರು ಬೇಡ.

ಷೇರು ಬಂಡವಾಳ 20 ಕೋಟಿ, ಮುಖಬೆಲೆ 2 ರೂಪಾಯಿ, ಅಂದರೆ 10 ಕೋಟಿ ಷೇರು. ಮೊದಲ ವರ್ಷ ತೆರಿಗೆ ಕಳೆದ ಲಾಭ 120 ಕೋಟಿ. ತಲಾ ಗಳಿಕೆ 12 ರೂಪಾಯಿ.

ಎರಡನೇ ವರ್ಷ ಅಕ್ಟೋಬರ್ 1ರಂದು ಕಂಪನಿ 4 ಕೋಟಿ ಹೊಸ ಷೇರನ್ನು ತಲಾ 200 ರೂಪಾಯಿಗೆ ಮಾರಿತು. ಆ ವರ್ಷದ ಲಾಭ 138 ಕೋಟಿ, ಶೇ 15ರಷ್ಟು ಜಾಸ್ತಿ. ಲೆಕ್ಕದ ವರ್ಷ ಮಾರ್ಚ್‌ಗೆ ಮುಗಿಯುವುದರಿಂದ ಹೊಸ ಷೇರುಗಳು ಇದ್ದದ್ದು ಆರೇ ತಿಂಗಳು. ಹಾಗಾಗಿ ಅವನ್ನು ಅರ್ಧ ಎಣಿಸಬೇಕು. 10 ಕೋಟಿಗೆ 2 ಕೋಟಿ ಸೇರಿಸಿ ಸರಾಸರಿ 12 ಕೋಟಿ. 138 ಭಾಗಿಸು 12, ಅಂದರೆ 11.50 ರೂಪಾಯಿ. ಲಾಭ ಶೇ 15 ಏರಿದ ವರ್ಷದಲ್ಲೇ ನಿಮ್ಮ ಷೇರಿನ ಪಾಲು 12ರಿಂದ 11.50ಕ್ಕೆ ಇಳಿಯಿತು.

ಇನ್ನೂ ಮುಗಿದಿಲ್ಲ. ಮೂರನೇ ವರ್ಷ 14 ಕೋಟಿ ಷೇರೂ ಪೂರ್ತಿ ಲೆಕ್ಕಕ್ಕೆ ಬರುತ್ತವೆ. ಲಾಭ 138 ಕೋಟಿಯಲ್ಲೇ ನಿಂತರೆ ತಲಾ ಗಳಿಕೆ 9.86 ರೂಪಾಯಿ. ಹೊಸ ಷೇರು ಬಂದ ವರ್ಷದ ಅಂಕಿ ಯಾವಾಗಲೂ ಸ್ವಲ್ಪ ಚೆಂದ ಕಾಣುತ್ತದೆ, ಪೂರ್ತಿ ಪೆಟ್ಟು ಬೀಳುವುದು ಮರುವರ್ಷ. ಅದಕ್ಕೇ ನಾನು ಇಂಥ ಕಡೆ ಸರಾಸರಿ ಸಂಖ್ಯೆಯ ಜೊತೆಗೆ ವರ್ಷದ ಕೊನೆಯ ಸಂಖ್ಯೆಯಿಂದಲೂ ಭಾಗಿಸಿ ಪಕ್ಕದಲ್ಲಿ ಬರೆದಿಡುತ್ತೇನೆ.

ಭಾಗಿಸುವ ಮೊದಲು ಲಾಭವನ್ನೂ ಸ್ವಲ್ಪ ಸೋಸಬೇಕು. ಎರಡು ಕಡೆ ನೋಡಿದರೆ ಸಾಕು. ಒಂದು, ಕನ್ಸಾಲಿಡೇಟೆಡ್ ಲಾಭದಲ್ಲಿ ಅಂಗಸಂಸ್ಥೆಗಳ ಹೊರಗಿನ ಪಾಲುದಾರರಿಗೆ ಸೇರಿದ್ದೂ ಇರುತ್ತದೆ. ಕಂಪನಿಯ ಮಾಲೀಕರಿಗೆ ಸೇರಿದ ಭಾಗ ಎಷ್ಟು ಅಂತ ಬೇರೆ ಸಾಲಿನಲ್ಲಿ ಕೊಟ್ಟಿರುತ್ತಾರೆ, ಅದನ್ನೇ ತೆಗೆದುಕೊಳ್ಳಿ. ಪ್ರಿಫರೆನ್ಸ್ ಷೇರಿನ (ಲಾಭಾಂಶದಲ್ಲಿ ನಮಗಿಂತ ಮೊದಲ ಹಕ್ಕಿರುವ ಷೇರು) ಲಾಭಾಂಶ ಇದ್ದರೆ ಅದನ್ನೂ ಕಳೆಯಿರಿ. ಎರಡು, ಒಂದೇ ಸಲ ಬಂದು ಹೋಗುವ ಲಾಭ. ನಮ್ಮ ಕಂಪನಿಯ 138 ಕೋಟಿಯಲ್ಲಿ 28 ಕೋಟಿ ಜಮೀನು ಮಾರಿ ಬಂದದ್ದು ಅನ್ನಿ. ಆ ಜಮೀನನ್ನು ಮತ್ತೆ ಮಾರುವುದಕ್ಕೆ ಆಗುವುದಿಲ್ಲವಲ್ಲ. ಅದನ್ನು ತೆಗೆದರೆ 110 ಕೋಟಿ. ಸರಾಸರಿ 12 ಕೋಟಿ ಷೇರಿಗೆ 9.17 ರೂಪಾಯಿ, ಈಗಿರುವ 14 ಕೋಟಿ ಷೇರಿಗೆ 7.86 ರೂಪಾಯಿ.

ಒಂದೇ ಕಂಪನಿ, ಒಂದೇ ವರ್ಷ. ಆ್ಯಪ್‌ನಲ್ಲಿ ಕಾಣುವುದು 11.50, ನಿಮ್ಮ ಪೆನ್ನಿಗೆ ಸಿಕ್ಕಿದ್ದು 7.86. ಷೇರಿನ ಬೆಲೆ 230 ರೂಪಾಯಿ ಇದ್ದರೆ ಮೊದಲನೆಯದರ ಪ್ರಕಾರ ಪಿಇ (ಬೆಲೆಯನ್ನು ತಲಾ ಗಳಿಕೆಯಿಂದ ಭಾಗಿಸಿದ್ದು) 20, ಎರಡನೆಯದರ ಪ್ರಕಾರ 29. ಪಿಇ ಕಡಿಮೆ ಇದೆ ಅಂತ ಸುಮ್ನೆ ಕೊಂಡವರು ಎಡವುವುದು ಇಲ್ಲೇ.

ಡೈಲ್ಯೂಟೆಡ್ ಅಂದರೆ ಮುಂದೆ ಷೇರಾಗಬಹುದಾದ ವಾರಂಟ್, ನೌಕರರಿಗೆ ಕೊಟ್ಟ ಷೇರು ಕೊಳ್ಳುವ ಹಕ್ಕು, ಷೇರಾಗಿ ಬದಲಾಗುವ ಸಾಲಪತ್ರ ಇವನ್ನೆಲ್ಲ ಈಗಲೇ ಲೆಕ್ಕಕ್ಕೆ ಹಿಡಿದರೆ ಬರುವ ತಲಾ ಗಳಿಕೆ. ಬೇಸಿಕ್‌ಗೂ ಇದಕ್ಕೂ ನಡುವೆ ಒಂದೆರಡು ಪೈಸೆಯ ಅಂತರ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಅಂತರ ಇದ್ದರೆ ಹೊಸ ಪಾಲುದಾರರು ಬಾಗಿಲಲ್ಲೇ ನಿಂತಿದ್ದಾರೆ ಅಂತ. ಕಂಪನಿ ನಷ್ಟದಲ್ಲಿದ್ದಾಗ ಮಾತ್ರ ಎರಡೂ ಒಂದೇ ಕಾಣುವುದು ಸಾಮಾನ್ಯ. ಷೇರು ಹೆಚ್ಚಾದರೆ ತಲಾ ನಷ್ಟ ಕಡಿಮೆಯಾದಂತೆ ಕಾಣುತ್ತದೆ, ಹಾಗೆ ತೋರಿಸಲು ಲೆಕ್ಕದ ನಿಯಮ ಬಿಡುವುದಿಲ್ಲ. ಹಾಗಾಗಿ ನಷ್ಟದ ಕಂಪನಿಯಲ್ಲಿ ಈ ಸಾಲನ್ನು ನಂಬಿ ಕೂರಬೇಡಿ, ವಾರಂಟ್ ಎಷ್ಟಿದೆ ಅಂತ ಟಿಪ್ಪಣಿಯಲ್ಲೇ ಹುಡುಕಿ.

ಮೂರು ತಿಂಗಳ ಫಲಿತಾಂಶದಲ್ಲಿ ಬರುವ ಇಪಿಎಸ್ ಆ ಮೂರು ತಿಂಗಳದ್ದು ಮಾತ್ರ. ಅದನ್ನು ನಾಲ್ಕರಿಂದ ಗುಣಿಸಬೇಡಿ. ಎಸಿ ಮಾರುವ ಕಂಪನಿಯ ಬೇಸಿಗೆಯನ್ನು ವರ್ಷವೆಲ್ಲ ಹಿಗ್ಗಿಸಿದಂತೆ ಆಗುತ್ತದೆ. ಕಳೆದ ನಾಲ್ಕು ತ್ರೈಮಾಸಿಕದ ಲಾಭ ಕೂಡಿಸಿ, ಈಗಿನ ಷೇರಿನ ಸಂಖ್ಯೆಯಿಂದ ಭಾಗಿಸಿ.

ಇನ್ನೊಂದು ಮಾತು. ಒಂದು ಕಂಪನಿಯ ಇಪಿಎಸ್ 400, ಇನ್ನೊಂದರದ್ದು 10 ಅಂದರೆ ಮೊದಲನೆಯದು ಒಳ್ಳೆಯದು ಅಂತಲ್ಲ. ಇಪಿಎಸ್ ಅನ್ನು ಹೋಲಿಸಬೇಕಿರುವುದು ಅದೇ ಕಂಪನಿಯ ಹಿಂದಿನ ವರ್ಷಗಳ ಜೊತೆ.

ಹಳೆಯ ಅಂಕಿಯನ್ನು ಈಗಿನ ಷೇರಿಗೆ ಹೊಂದಿಸಿ

ನಮ್ಮ ಕಡೆ ಅಲ್ಮೇರಾಗಳಲ್ಲಿ ಹಳೆಯ ಬ್ಯಾಂಕ್ ಷೇರಿನ ಕಾಗದಗಳು ಇನ್ನೂ ಇವೆ. ಅವುಗಳ ಕಥೆಯಲ್ಲೇ ಈ ಪಾಠ ಇದೆ.

ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ ಸೇರಿತು. 10 ಷೇರಿಗೆ ಎಸ್‌ಬಿಐನ 22 ಷೇರು ಕೊಟ್ಟರು. ಎರಡು ಪಟ್ಟಾಯ್ತು ಅಂತ ಹಿಗ್ಗಿದವರಿದ್ದಾರೆ. ಮೈಸೂರು ಬ್ಯಾಂಕಿನ ಷೇರಿನ ಮುಖಬೆಲೆ 10 ರೂಪಾಯಿ, ಎಸ್‌ಬಿಐದು 1 ರೂಪಾಯಿ. ಸಂಖ್ಯೆ ನೋಡಿ ಹಿಗ್ಗುವಂಥದ್ದೇನೂ ಇರಲಿಲ್ಲ.

ಸಿಂಡಿಕೇಟ್ ಬ್ಯಾಂಕಿನದು ಇದಕ್ಕೆ ಉಲ್ಟಾ. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿಗೆ ಸೇರಿದಾಗ 1,000 ಷೇರಿಗೆ ಸಿಕ್ಕಿದ್ದು 158 ಷೇರು. ಹೋಯ್ತಲ್ಲಪ್ಪ ಅಂತ ತಲೆ ಮೇಲೆ ಕೈ ಹೊತ್ತವರು ಬಹಳ. 2024ರ ಮೇ ತಿಂಗಳಲ್ಲಿ ಕೆನರಾ ಬ್ಯಾಂಕ್ ತನ್ನ 10 ರೂಪಾಯಿ ಮುಖಬೆಲೆಯ ಷೇರನ್ನು 2 ರೂಪಾಯಿಗೆ ಒಡೆಯಿತು. ಅದೇ 158 ಷೇರು 790 ಆಯಿತು. ಈ ಒಡೆಯುವಿಕೆಯಿಂದ ಬಡವರಾದವರೂ ಇಲ್ಲ, ಶ್ರೀಮಂತರಾದವರೂ ಇಲ್ಲ. ಆದರೆ 2023ರ ವರದಿಯ ಇಪಿಎಸ್ ಮತ್ತು 2025ರ ವರದಿಯ ಇಪಿಎಸ್ ಪಕ್ಕಪಕ್ಕ ಇಟ್ಟರೆ ಬ್ಯಾಂಕಿನ ಗಳಿಕೆ ಪಾತಾಳಕ್ಕೆ ಬಿತ್ತು ಅನ್ನಿಸುತ್ತದೆ. ಹಳೆಯದನ್ನು 5ರಿಂದ ಭಾಗಿಸಿದ ಮೇಲೆಯೇ ಹೋಲಿಕೆ ಸರಿಯಾಗುತ್ತದೆ.

ಸೂತ್ರ ಸುಲಭ. ಒಂದಕ್ಕೆ ಒಂದು ಬೋನಸ್ ಕೊಟ್ಟಿದ್ದರೆ ಅದಕ್ಕೆ ಹಿಂದಿನ ಎಲ್ಲ ತಲಾ ಅಂಕಿಗಳನ್ನು 2ರಿಂದ ಭಾಗಿಸಿ. 2024ರ ಅಕ್ಟೋಬರ್‌ನಲ್ಲಿ ರಿಲಯನ್ಸ್ ಕೊಟ್ಟದ್ದು ಇಂಥ ಬೋನಸ್. ಎರಡು ಷೇರಿಗೆ ಒಂದು ಬೋನಸ್ ಆದರೆ 1.5ರಿಂದ. 2022ರ ಜುಲೈಯಲ್ಲಿ ಟಾಟಾ ಸ್ಟೀಲ್ ಮಾಡಿದಂತೆ 10 ರೂಪಾಯಿ ಮುಖಬೆಲೆಯನ್ನು 1 ರೂಪಾಯಿ ಮಾಡಿದ್ದರೆ 10ರಿಂದ. ಹೊಸ ವರದಿಯಲ್ಲಿ ಹಿಂದಿನ ವರ್ಷದ ಅಂಕಿಯನ್ನು ಕಂಪನಿಯೇ ಸರಿಪಡಿಸಿ ಕೊಟ್ಟಿರುತ್ತದೆ. ಅದಕ್ಕಿಂತ ಹಿಂದಿನದನ್ನು ನೀವೇ ಸರಿಪಡಿಸಿಕೊಳ್ಳಬೇಕು.

ವಿಲೀನಕ್ಕೆ ಈ ಸೂತ್ರ ನಡೆಯುವುದಿಲ್ಲ. ಟಾಟಾ ಕಾಫಿ 2024ರ ಜನವರಿ 1ರಿಂದ ಟಾಟಾ ಕನ್ಸ್ಯೂಮರ್‌ಗೆ ಸೇರಿತು, 10 ಷೇರಿಗೆ 3 ಷೇರಿನ ಲೆಕ್ಕದಲ್ಲಿ. ಎರಡರದ್ದೂ ಮುಖಬೆಲೆ 1 ರೂಪಾಯಿಯೇ. ಟಾಟಾ ಕಾಫಿಯ ಹಳೆಯ ಇಪಿಎಸ್ ಹಿಡಿದು ಈಗಿನ ಕಂಪನಿಯನ್ನು ಅಳೆಯಲು ಹೋಗಬೇಡಿ. ಅದು ಬೇರೆ ವ್ಯವಹಾರ, ಅಲ್ಲಿಗೆ ಮುಗಿಯಿತು.

ಬುಕ್ ವ್ಯಾಲ್ಯೂ ಏರಿದರೆ ಖುಷಿಪಡಬೇಕೇ?

ಕಂಪನಿಯ ಆಸ್ತಿಯಲ್ಲಿ ಸಾಲವನ್ನೆಲ್ಲ ಕಳೆದು ಉಳಿದದ್ದನ್ನು ಷೇರಿನ ಸಂಖ್ಯೆಯಿಂದ ಭಾಗಿಸಿದರೆ ತಲಾ ಪುಸ್ತಕ ಮೌಲ್ಯ. ಷೇರು ಬಂಡವಾಳ, ಇತರ ಈಕ್ವಿಟಿ ಎರಡನ್ನೂ ಕೂಡಿಸಿ ಭಾಗಿಸಿದರಾಯಿತು. ಇಲ್ಲಿ ಸರಾಸರಿ ಬೇಡ, ವರ್ಷದ ಕೊನೆಯ ದಿನದ ಸಂಖ್ಯೆ ಬೇಕು.

ನಮ್ಮ ಲೆಕ್ಕದ ಕಂಪನಿಗೇ ಬರೋಣ. ಮೊದಲ ವರ್ಷದ ಕೊನೆಗೆ ಸ್ವಂತ ಬಂಡವಾಳ 600 ಕೋಟಿ, 10 ಕೋಟಿ ಷೇರು, ತಲಾ 60 ರೂಪಾಯಿ. ಎರಡನೇ ವರ್ಷ ಹೊಸ ಷೇರಿನಿಂದ 800 ಕೋಟಿ ಬಂತು. 138 ಕೋಟಿ ಲಾಭದಲ್ಲಿ 18 ಕೋಟಿ ಲಾಭಾಂಶಕ್ಕೆ ಹೋಗಿ 120 ಕೋಟಿ ಉಳಿಯಿತು. ಒಟ್ಟು 1,520 ಕೋಟಿ. 14 ಕೋಟಿ ಷೇರಿಗೆ ಭಾಗಿಸಿದರೆ 108.57 ರೂಪಾಯಿ.

ತಲಾ ಗಳಿಕೆ ಇಳಿದ ವರ್ಷದಲ್ಲೇ ಪುಸ್ತಕ ಮೌಲ್ಯ 60ರಿಂದ 108ಕ್ಕೆ ಜಿಗಿಯಿತು! ಇದು ವ್ಯವಹಾರದಿಂದ ಬಂದದ್ದಲ್ಲ. 60 ರೂಪಾಯಿ ಪುಸ್ತಕ ಮೌಲ್ಯದ ಷೇರಿಗೆ ಹೊಸಬರು 200 ಕೊಟ್ಟಿದ್ದಾರೆ, ಆ ಹಣ ಬ್ಯಾಂಕಿನಲ್ಲಿ ಕೂತಿದೆ. ತಲಾ ಗಳಿಕೆಯನ್ನು ಪುಸ್ತಕ ಮೌಲ್ಯದಿಂದ ಭಾಗಿಸಿ ನೋಡಿದರೆ ಬಣ್ಣ ಬಯಲಾಗುತ್ತದೆ. ಮೊದಲ ವರ್ಷ 60 ರೂಪಾಯಿ ಮೇಲೆ 12 ದುಡಿದಿತ್ತು, ಶೇ 20. ಮೂರನೇ ವರ್ಷ ಲಾಭ ಅಲ್ಲೇ ನಿಂತರೆ 108.57ರ ಮೇಲೆ 9.86, ಅಂದರೆ ಸುಮಾರು ಶೇ 9. ಆ 800 ಕೋಟಿಯಲ್ಲಿ ಏನು ಮಾಡುತ್ತಾರೆ ಅನ್ನುವುದೇ ಮುಂದಿನ ಪ್ರಶ್ನೆ. ಕಾರ್ಖಾನೆ ಕಟ್ಟಲು ಎರಡು ವರ್ಷ ಬೇಕು ಅಂದರೆ ಕಾಯಬಹುದು. ಹಣ ಎತ್ತಿದ ಕಾರಣವನ್ನೇ ಸರಿಯಾಗಿ ಹೇಳದಿದ್ದರೆ ನಾನಂತೂ ಕಾಯುವುದಿಲ್ಲ.

ಪುಸ್ತಕ ಮೌಲ್ಯ ಹೆಚ್ಚು ಕೆಲಸಕ್ಕೆ ಬರುವುದು ಬ್ಯಾಂಕು, ಸಾಲ ಕೊಡುವ ಕಂಪನಿಗಳಲ್ಲಿ. ಅಲ್ಲಿ ನಿವ್ವಳ ಕೆಟ್ಟ ಸಾಲವನ್ನು ಕಳೆದು ಮತ್ತೆ ಭಾಗಿಸಿ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದಕ್ಕೆ ಅಷ್ಟು ಅರ್ಥವಿಲ್ಲ. ಬೇರೆ ಕಂಪನಿಗಳನ್ನು ಕೊಂಡಿರುವ ಕಡೆ ಗುಡ್‌ವಿಲ್ (ಕೊಂಡ ಕಂಪನಿಯ ನಿವ್ವಳ ಆಸ್ತಿಗಿಂತ ಹೆಚ್ಚಾಗಿ ಕೊಟ್ಟ ಹಣ) ಎಷ್ಟಿದೆ ನೋಡಿ ಅದನ್ನು ಕಳೆಯಿರಿ.

ಲಾಭಾಂಶ, ಕೈಗೆ ಬಂದ ನಗದು

‘ಶೇ 90 ಡಿವಿಡೆಂಡ್’ ಅಂತ ಕೇಳಿದ ಕೂಡಲೇ ಕಣ್ಣರಳಿಸಬೇಡಿ. ಆ ಶೇಕಡಾ ಮುಖಬೆಲೆಯ ಮೇಲೆ. 2 ರೂಪಾಯಿ ಮುಖಬೆಲೆಗೆ ಶೇ 90 ಅಂದರೆ 1.80 ರೂಪಾಯಿ. 230 ರೂಪಾಯಿ ಕೊಟ್ಟು ಕೊಂಡವರಿಗೆ ಅದು ಶೇ 1ಕ್ಕೂ ಕಡಿಮೆ. ತಲಾ ಲಾಭಾಂಶವನ್ನು ತಲಾ ಗಳಿಕೆಯಿಂದ ಭಾಗಿಸಿದರೆ ದುಡಿದದ್ದರಲ್ಲಿ ಎಷ್ಟು ಹಂಚಿದರು ಅಂತ ಸಿಗುತ್ತದೆ. ನಮ್ಮ ಕಂಪನಿಯ ಮೊದಲ ವರ್ಷದ 12ರಲ್ಲಿ 1.80, ಅಂದರೆ ಶೇ 15. ಗಳಿಕೆಗಿಂತ ಹಂಚಿದ್ದೇ ಜಾಸ್ತಿ ಇದ್ದರೆ ಎಲ್ಲಿಂದ ತಂದರು ಅಂತ ಹುಡುಕಿ. 2020ರ ಏಪ್ರಿಲ್‌ನಿಂದ ಲಾಭಾಂಶಕ್ಕೆ ನಾವೇ ತೆರಿಗೆ ಕಟ್ಟಬೇಕು, ಅದೂ ನೆನಪಿರಲಿ. ಅಲ್ಮೇರಾದ ಕಾಗದದ ಷೇರಿನ ಲಾಭಾಂಶವನ್ನು ಸತತ ಏಳು ವರ್ಷ ಯಾರೂ ಪಡೆಯದಿದ್ದರೆ ಷೇರೂ ಸೇರಿ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತದೆ. ಅರ್ಜಿ ಹಾಕಿ ಮರಳಿ ಪಡೆಯಬಹುದು, ಓಡಾಟ ಮಾತ್ರ ಜಾಸ್ತಿ.

ತಲಾ ನಗದು ಗಳಿಕೆಯನ್ನು ಕಂಪನಿ ಲೆಕ್ಕ ಹಾಕಿ ಕೊಡುವುದಿಲ್ಲ. ನಗದು ಹರಿವಿನ ಪಟ್ಟಿಯಲ್ಲಿ ವ್ಯವಹಾರದಿಂದ ಬಂದ ನಿವ್ವಳ ನಗದು ಅಂತ ಒಂದು ಮೊತ್ತ ಇರುತ್ತದೆ, ಅದನ್ನು ಸರಾಸರಿ ಷೇರಿನಿಂದ ಭಾಗಿಸಿ. ನಮ್ಮ ಕಂಪನಿಗೆ ಎರಡನೇ ವರ್ಷ 60 ಕೋಟಿ ಬಂದಿದ್ದರೆ ಷೇರಿಗೆ 5 ರೂಪಾಯಿ. ತಲಾ ಗಳಿಕೆ ತೋರಿಸಿದ್ದು 11.50. ಉಳಿದ 6.50 ಎಲ್ಲಿ? ಒಂದಷ್ಟು ಆ ಜಮೀನಿನದು, ಅದರ ಹಣ ಈ ಮೊತ್ತದಲ್ಲಿ ಬರುವುದಿಲ್ಲ. ಮಿಕ್ಕಿದ್ದು ಗಿರಾಕಿಗಳು ಕೊಡಬೇಕಾದ ಬಾಕಿ, ಗೋಡೌನಿನಲ್ಲಿ ಕೂತ ಸರಕು. ಒಂದು ವರ್ಷ ಹೀಗಾದರೆ ಪರವಾಗಿಲ್ಲ. ಐದು ವರ್ಷ ಕೂಡಿಸಿದರೂ ನಗದು ಲಾಭದ ಅರ್ಧಕ್ಕೂ ಬರದಿದ್ದರೆ ಆ ಇಪಿಎಸ್ ಕಾಗದದ ಮೇಲಿನದು. ಬ್ಯಾಂಕುಗಳಿಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಅವರಿಗೆ ಹಣವೇ ಸರಕು, ಹಾಗಾಗಿ ಅಂಕಿಗೆ ಅರ್ಥ ಬರುವುದಿಲ್ಲ.

ಒಂದು ಹಾಳೆಯಲ್ಲಿ ಬರೆದಿಡಿ

ಎಕ್ಸೆಲ್ ಬಂದರೆ ಎಕ್ಸೆಲ್, ಇಲ್ಲದಿದ್ದರೆ ತೋಟದ ಲೆಕ್ಕ ಬರೆಯುವ ಉದ್ದ ಪುಸ್ತಕ ಸಾಕು. ಕಂಪನಿಗೆ ಒಂದು ಪುಟ. ಸಾಲಿಗೆ ಒಂದು ವರ್ಷ, ಐದು ವರ್ಷ. ಮೊದಲ ಕಲಂನಲ್ಲಿ ವರ್ಷದ ಕೊನೆಯ ಷೇರಿನ ಸಂಖ್ಯೆ, ಅದರ ಪಕ್ಕ ಸಂಖ್ಯೆ ಬದಲಾದ ಕಾರಣ ಒಂದೇ ಪದದಲ್ಲಿ. ಆಮೇಲೆ ಸೋಸಿದ ಲಾಭ, ತಲಾ ಗಳಿಕೆ, ತಲಾ ನಗದು, ಪುಸ್ತಕ ಮೌಲ್ಯ, ಲಾಭಾಂಶ. ಷೇರಿನ ಬೆಲೆ ಕೊನೆಯ ಕಲಂ, ಅದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ.

ಮಾರ್ಚ್‌ಗೆ ಮುಗಿಯುವ ವರ್ಷದ ಫಲಿತಾಂಶವನ್ನು ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳು 60 ದಿನದೊಳಗೆ, ಅಂದರೆ ಮೇ ಕೊನೆಯ ಹೊತ್ತಿಗೆ ಕೊಡಬೇಕು. ಜೂನ್ ತ್ರೈಮಾಸಿಕದ್ದು 45 ದಿನದೊಳಗೆ, ಆಗಸ್ಟ್ 14ಕ್ಕೆ. ಷೇರಿನ ಸಂಖ್ಯೆ ಅದಕ್ಕಿಂತ ಮೊದಲೇ ಸಿಗುತ್ತದೆ. ತ್ರೈಮಾಸಿಕ ಮುಗಿದ 21 ದಿನದೊಳಗೆ ಯಾರ ಬಳಿ ಎಷ್ಟು ಷೇರಿದೆ ಅನ್ನುವ ಪಟ್ಟಿಯನ್ನು ಕಂಪನಿ ಷೇರುಪೇಟೆಗೆ ಸಲ್ಲಿಸಬೇಕು, ಒಟ್ಟು ಸಂಖ್ಯೆ ಅದರಲ್ಲೇ ಇರುತ್ತದೆ. ಜುಲೈ ಮೂರನೇ ವಾರ ಬಿಎಸ್‌ಇ ತಾಣದಲ್ಲಿ ಕಂಪನಿಯ ಹೆಸರು ಹೊಡೆದು ಆ ಪಟ್ಟಿ ತೆರೆಯಿರಿ. ಸಂಖ್ಯೆ ಹಿಂದಿನದ್ದೇ ಇದ್ದರೆ ಮುಚ್ಚಿ. ಬದಲಾಗಿದ್ದರೆ ಲಾಭದ ಸುದ್ದಿ ಬರುವ ಮೊದಲೇ ಹೊಸ ಸಂಖ್ಯೆಯನ್ನು ಮೊದಲ ಕಲಂನಲ್ಲಿ ಬರೆದಿಟ್ಟುಕೊಳ್ಳಿ.